ಕರ್ಮಣಿ ಪ್ರಯೋಗ

ನಲವತ್ತು ವರ್ಷ ಕರಡು ತಿದ್ದಿ ಅನ್ನ ಉಂಡವನು ನಾನು. ಮೊಳೆ ಜೋಡಿಸುತ್ತಿದ್ದ ಕಾಲದಿಂದ ಕಂಪ್ಯೂಟರ್ ಪರದೆಯ ಕಾಲದವರೆಗೆ ಮೈಸೂರಿನ ಮುದ್ರಣಾಲಯವೊಂದರಲ್ಲಿ ಪಂಚಾಂಗ, ಪಠ್ಯಪುಸ್ತಕ, ಪಿಎಚ್‌ಡಿ ಪ್ರಬಂಧ, ಸಹಕಾರ ಸಂಘಗಳ ವಾರ್ಷಿಕ ವರದಿ, ಮದುವೆಯ ಕರೆಯೋಲೆ ಎಲ್ಲಕ್ಕೂ ಕೆಂಪು ಶಾಯಿ ತಾಗಿಸಿದ್ದೇನೆ. ಹಾಗಾಗಿ 2022ರ ಅಕ್ಟೋಬರಿನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಔಷಧಿ ಪರೀಕ್ಷೆಯೊಂದಕ್ಕೆ (ಕ್ಲಿನಿಕಲ್ ಟ್ರಯಲ್) ಸೇರಲು 26 ಪುಟಗಳ ಒಪ್ಪಿಗೆ ಪತ್ರವನ್ನು ಕೈಗೆ ಕೊಟ್ಟಾಗ ನನ್ನ ಬೆರಳುಗಳು ತಮ್ಮಷ್ಟಕ್ಕೆ ತಾವೇ ಜೇಬಿನಲ್ಲಿ ಪೆನ್ನು ಹುಡುಕಿದವು. ಸಹಿ ಹಾಕುವ ಆತುರ ಏನೂ ಇರಲಿಲ್ಲ. ಮೊದಲ ಪುಟದಲ್ಲೇ ಮೂರು ಅಕ್ಷರತಪ್ಪು ಕಂಡಿದ್ದವು.

ಮೂರನೆಯ ಪುಟಕ್ಕೆ ಬಂದಾಗ ಅಕ್ಷರತಪ್ಪುಗಳೇ ವಾಸಿ ಎನ್ನಿಸಿತು. “ಭಾಗವಹಿಸುವವರು ಯಾದೃಚ್ಛಿಕವಾಗಿ ಅಧ್ಯಯನದ ಎರಡು ತೋಳುಗಳ ಪೈಕಿ ಒಂದಕ್ಕೆ ನಿಯೋಜಿಸಲ್ಪಡುತ್ತಾರೆ” ಎಂದು ಅಲ್ಲಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ ಅದೇ ಪತ್ರ ಹಿಡಿದು ಕೂತಿದ್ದ ಚಾಮರಾಜನಗರದ ಕಡೆಯ ಹೆಂಗಸೊಬ್ಬರು ತಮ್ಮ ಎರಡೂ ತೋಳುಗಳನ್ನು ಒಮ್ಮೆ ನೋಡಿಕೊಂಡು, “ಯಾವ ತೋಳಿಗೆ ಸೂಜಿ ಎಂದು ಈಗಲೇ ಹೇಳುವುದಿಲ್ಲವಂತೆ” ಎಂದು ಮಗನಿಗೆ ಹೇಳಿದರು. ಇಂಗ್ಲಿಷಿನಲ್ಲಿ ಇಂತಹ ಪರೀಕ್ಷೆಯ ಒಂದೊಂದು ಗುಂಪನ್ನೂ ‘ಆರ್ಮ್’ ಎನ್ನುತ್ತಾರೆ. ಅನುವಾದಕ ಮಹಾಶಯರು ನಿಘಂಟು ತೆರೆದು ಸಿಕ್ಕಿದ ಮೊದಲ ಅರ್ಥವನ್ನು ಇಳಿಸಿ ಕೈತೊಳೆದುಕೊಂಡಿದ್ದರು. ಮುಂದಿನ ಸಾಲಿನಲ್ಲಿ “ಇದು ಕುರುಡು ಅಧ್ಯಯನವಲ್ಲ” ಎಂಬ ಆಶ್ವಾಸನೆ ಬೇರೆ. ಯಾರಿಗೆ ಯಾವ ಔಷಧಿ ಎಂಬುದನ್ನು ರೋಗಿಯಿಂದ ಮುಚ್ಚಿಡುವುದಿಲ್ಲ ಎಂಬುದು ಅದರ ಅರ್ಥ. ಆ ಹೆಂಗಸಿಗೆ ಕಣ್ಣಿನ ಪೊರೆಯೂ ಇತ್ತು. ಆ ಸಾಲು ಅವರಿಗೆ ಬಹಳ ಸಮಾಧಾನ ಕೊಟ್ಟಿತು.

ಅಲ್ಲಿಯವರೆಗೆ ಹೇಗೆ ಬಂದೆ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆನ್ನುನೋವು. ಜೀವನವಿಡೀ ಬಗ್ಗಿ ಕೂತವನಿಗೆ ಬೆನ್ನುನೋವು ಬಂದರೆ ಯಾರು ಆಶ್ಚರ್ಯ ಪಡುತ್ತಾರೆ? ಎಣ್ಣೆ ತಿಕ್ಕಿಸಿಕೊಂಡೆ, ಪಟ್ಟಿ ಕಟ್ಟಿಕೊಂಡೆ. ಮನೆಯ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ ರಕ್ತ ಪರೀಕ್ಷೆಯಾಯಿತು. ಹಿಮೋಗ್ಲೋಬಿನ್ 8.1. ಆಮೇಲೆ ರಕ್ತದ ಪ್ರೋಟೀನುಗಳನ್ನು ಬಿಡಿಸಿ ನೋಡುವ ಪರೀಕ್ಷೆ. ಅದರ ನಕ್ಷೆಯಲ್ಲಿ ಎಲ್ಲರಿಗೂ ಎಡಗಡೆ ಒಂದು ಎತ್ತರದ ಶಿಖರ, ಬಲಕ್ಕೆ ಹೋದಂತೆ ಸಣ್ಣಪುಟ್ಟ ದಿಣ್ಣೆಗಳು ಇರುತ್ತವೆ. ನನ್ನದರಲ್ಲಿ ಬಲತುದಿಯಲ್ಲಿ ಇನ್ನೊಂದು ಗೋಪುರ ಎದ್ದಿತ್ತು, ಬೆಟ್ಟದ ತಪ್ಪಲಿನಲ್ಲಿ ರಾತ್ರೋರಾತ್ರಿ ಯಾರೋ ಕಟ್ಟಿಸಿದ ಹಾಗೆ. ಮಲ್ಟಿಪಲ್ ಮೈಲೋಮಾ, ಒಂದು ಬಗೆಯ ರಕ್ತ ಕ್ಯಾನ್ಸರ್. ಅಸ್ಥಿಮಜ್ಜೆಯಲ್ಲಿ ಪ್ಲಾಸ್ಮಾ ಕೋಶ ಎಂಬ ಒಂದು ಬಗೆಯ ಬಿಳಿಯ ರಕ್ತಕಣವಿದೆ. ರೋಗಗಳ ವಿರುದ್ಧ ಪ್ರತಿಕಾಯ ತಯಾರಿಸುವುದು ಅದರ ಕೆಲಸ. ಅವುಗಳಲ್ಲಿ ಒಂದು ಹಾದಿ ತಪ್ಪಿ, ತನ್ನದೇ ಸಂತಾನವನ್ನು ಬೆಳೆಸಿಕೊಂಡು, ಯಾವ ಉಪಯೋಗಕ್ಕೂ ಬಾರದ ಒಂದೇ ಪ್ರೋಟೀನನ್ನು ಲಕ್ಷಾಂತರ ಪ್ರತಿ ಅಚ್ಚು ಹಾಕುತ್ತಾ ಹೋಗುತ್ತದೆ. ಜೊತೆಗೆ ಮೂಳೆಯನ್ನು ತಿನ್ನುತ್ತದೆ. ನನಗೆ 67. ಹೃದಯಕ್ಕೆ ಹಿಂದೆಯೇ ಸ್ಟೆಂಟ್ ಹಾಕಿದ್ದರಿಂದ ಅಸ್ಥಿಮಜ್ಜೆಯ ಕಸಿ ಬೇಡವೆಂದರು.

ಕಾಯಿಲೆ ಬಂದವನಿಗೆ ಕಾಯಿಲೆಯ ಚರಿತ್ರೆಯ ಮೇಲೆ ಒಂದು ಕೆಟ್ಟ ಕುತೂಹಲ ಹುಟ್ಟುತ್ತದೆ. ಈ ರೋಗದ ಬಗ್ಗೆ ಚೆನ್ನಾಗಿ ದಾಖಲಾದ ಮೊದಲ ರೋಗಿ ಲಂಡನ್ನಿನ ಸಾರಾ ನ್ಯೂಬರಿ ಎಂಬ 39ರ ಹೆಂಗಸು, 1844ರಲ್ಲಿ ತೀರಿಕೊಂಡಳು. ಮೂಳೆಗಳು ತಾವಾಗಿಯೇ ಮುರಿದುಹೋಗುತ್ತಿದ್ದ ಆಕೆಗೆ ವೈದ್ಯರು ಕೊಟ್ಟದ್ದು ಕಿತ್ತಳೆ ಸಿಪ್ಪೆಯ ಕಷಾಯ, ರೂಬಾರ್ಬ್ ಬೇರಿನ ಗುಳಿಗೆ, ವೈನು, ಆರೋರೂಟ್ ಗಂಜಿ, ರಾತ್ರಿಗೆ ಅಫೀಮು. ಆರೋರೂಟ್ ಎಂದರೆ ನಮ್ಮ ಕೂವೆ ಹಿಟ್ಟು. ಹೊಟ್ಟೆ ಕೆಟ್ಟಾಗ ಅಮ್ಮ ಕಾಯಿಸಿ ಕೊಡುತ್ತಿದ್ದ ಅದೇ ಗಂಜಿ. ಓದಿದಾಗ ಆ ಹೆಂಗಸು ದೂರದ ಸಂಬಂಧಿಯಂತೆ ಕಂಡಳು.

ವೈದ್ಯರು ಪರೀಕ್ಷೆಯ ಪ್ರಸ್ತಾಪ ಇಟ್ಟದ್ದು ಎರಡನೆಯ ಭೇಟಿಯಲ್ಲಿ. ಆಗ ರೂಢಿಯಲ್ಲಿದ್ದದ್ದು ಮೂರು ಔಷಧಿಗಳ ಜೋಡಣೆ: ಬೋರ್ಟೆಜೋಮಿಬ್ ಚುಚ್ಚುಮದ್ದು, ಲೆನಾಲಿಡೊಮೈಡ್ ಗುಳಿಗೆ, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. ಈ ಮೂರಕ್ಕೆ ನಾಲ್ಕನೆಯದೊಂದು ಚುಚ್ಚುಮದ್ದು ಸೇರಿಸಿದರೆ ಹೆಚ್ಚು ಅನುಕೂಲವಾಗುತ್ತದೆಯೇ ಎಂಬುದು ಪ್ರಶ್ನೆ. ಅರ್ಧ ಜನಕ್ಕೆ ನಾಲ್ಕು, ಅರ್ಧ ಜನಕ್ಕೆ ಮೂರು. ಯಾರಿಗೆ ಯಾವುದೆಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. “ನಾನು ಬೇಕೆಂದರೂ ನಿಮ್ಮನ್ನು ಒಂದು ಕಡೆಗೆ ಹಾಕಲು ಬರುವುದಿಲ್ಲ” ಎಂದರು ವೈದ್ಯರು.

ಮನೆಯಲ್ಲಿ ವಿಷಯ ಹೇಳಿದಾಗ ಅಕ್ಕ ಕೇಳಿದ್ದು ಒಂದೇ ಮಾತು: “ನಿನ್ನ ಮೇಲೆ ಪ್ರಯೋಗ ಮಾಡುತ್ತಾರೇನೋ?” ಕನ್ನಡದಲ್ಲಿ ಈ ಪದದ ಹಣೆಬರಹವೇ ಹಾಗೆ. ವಿಜ್ಞಾನದ ಮೇಷ್ಟರ ಬಾಯಲ್ಲಿ ಅದು ಪ್ರಯೋಗಾಲಯ. ಅಕ್ಕನ ಬಾಯಲ್ಲಿ ಮಾಟ, ಮಂತ್ರ, ನಿಂಬೆಹಣ್ಣು, ಯಾರೋ ಯಾರ ಮೇಲೋ ಮಾಡಿಸಿದ್ದು. ನನ್ನ ಕಸುಬಿನಲ್ಲಿ ಅದು ವ್ಯಾಕರಣ. ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ. ರಾಮನು ರಾವಣನನ್ನು ಕೊಂದನು. ರಾಮನಿಂದ ರಾವಣನು ಕೊಲ್ಲಲ್ಪಟ್ಟನು. ಆ 26 ಪುಟಗಳಲ್ಲಿ ಕರ್ತೃವೇ ಇರಲಿಲ್ಲ. ರಕ್ತ ಸಂಗ್ರಹಿಸಲ್ಪಡುತ್ತದೆ, ಮಜ್ಜೆ ಪರೀಕ್ಷಿಸಲ್ಪಡುತ್ತದೆ, ಮಾಹಿತಿ ವಿಶ್ಲೇಷಿಸಲ್ಪಡುತ್ತದೆ, ನೀವು ತಿಳಿಸಲ್ಪಡುತ್ತೀರಿ. ಯಾರು ಮಾಡುತ್ತಾರೆ ಎಂದರೆ ಯಾರೂ ಇಲ್ಲ. ಅಕ್ಕನ ಪ್ರಶ್ನೆಯಲ್ಲಾದರೂ ಮಾಡುವವರು ಯಾರೋ ಇದ್ದರು.

ಅಕ್ಕನ ಅನುಮಾನಕ್ಕೆ ಆಧಾರವಿಲ್ಲ ಎಂದು ಹೇಳುವ ಹಾಗೂ ಇರಲಿಲ್ಲ. 2009ರಲ್ಲಿ, ಆಗ ಆಂಧ್ರಕ್ಕೆ ಸೇರಿದ್ದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರದಲ್ಲಿ ಬಾಲಕಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿದ ಯೋಜನೆ ನಡೆಯಿತು. ಖಮ್ಮಂನಲ್ಲಿ ಎಷ್ಟೋ ಮಕ್ಕಳ ಪರವಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದವರು ಹಾಸ್ಟೆಲಿನ ವಾರ್ಡನ್‌ಗಳು. ಕೆಲವು ಮಕ್ಕಳು ತೀರಿಕೊಂಡ ಸುದ್ದಿ ಬಂದು 2010ರಲ್ಲಿ ಯೋಜನೆ ನಿಂತಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ಸರ್ಕಾರದ ವಿಚಾರಣೆ ಹೇಳಿತು. ಸಹಿಗಳ ಕಥೆ ಮಾತ್ರ ಸಂಸತ್ತಿನ ಸ್ಥಾಯಿ ಸಮಿತಿಯವರೆಗೂ ಹೋಯಿತು. ಇಂದೋರಿನ ಸ್ವಾಸ್ಥ್ಯ ಅಧಿಕಾರ್ ಮಂಚ್ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋದದ್ದು, 2013ರಲ್ಲಿ ನಿಯಮಗಳು ಬಿಗಿಯಾದದ್ದು, ಕೊನೆಗೆ 2019ರಲ್ಲಿ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಬಂದದ್ದು ಎಲ್ಲ ಆ ದಶಕದ ಕೆಲಸ. ನಾನು ಸಹಿ ಹಾಕುವಾಗ ಎದುರಿಗೆ ಒಂದು ಕ್ಯಾಮೆರಾ ಇತ್ತು. ನನಗೆ ಅರ್ಥವಾಯಿತೆಂದು ನನ್ನ ಬಾಯಿಂದಲೇ ಹೇಳಿಸಿ ಚಿತ್ರೀಕರಿಸಿಕೊಂಡರು. ಮದುವೆಯ ವಿಡಿಯೊದಲ್ಲಿಯೂ ನಾನು ಅಷ್ಟು ಮಾತಾಡಿರಲಿಲ್ಲ.

ಪತ್ರದ ಕೊನೆಯಲ್ಲಿ ವಿದ್ಯಾರ್ಹತೆ, ಉದ್ಯೋಗ, ವಾರ್ಷಿಕ ಆದಾಯ ಕೇಳುತ್ತಾರೆ. ಅದರ ಕೆಳಗೆ ನಾಮಿನಿಯ ಹೆಸರು, ಸಂಬಂಧ. ಪರೀಕ್ಷೆಯಿಂದಲೇ ಸಾವು ಬಂದರೆ ಪರಿಹಾರ ಯಾರಿಗೆ ಎಂದು. ಅದಕ್ಕೊಂದು ಸೂತ್ರವಿದೆ, ನಾನು ಹುಡುಕಿ ಲೆಕ್ಕ ಹಾಕಿದೆ. 8 ಲಕ್ಷ ರೂಪಾಯಿ ಮೂಲ ಮೊತ್ತ, ಅದನ್ನು ವಯಸ್ಸಿನ ಅಂಕಿಯಿಂದ ಗುಣಿಸಬೇಕು, ರೋಗದ ತೀವ್ರತೆಯ ಅಂಕಿಯಿಂದ ಮತ್ತೆ ಗುಣಿಸಬೇಕು, ಬಂದದ್ದನ್ನು 99.37ರಿಂದ ಭಾಗಿಸಬೇಕು. 16ರ ಒಳಗಿನವರಿಗೆ ವಯಸ್ಸಿನ ಅಂಕಿ 228.54. 65 ದಾಟಿದವರಿಗೆ 99.37. ಎಂದರೆ ನನ್ನ ಪಾಲಿಗೆ ಮೇಲಿನದೂ ಕೆಳಗಿನದೂ ಹೊಡೆದುಹೋಗುತ್ತದೆ, ಉಳಿಯುವುದು 8 ಲಕ್ಷ ಮತ್ತು ತೀವ್ರತೆಯ ಅಂಕಿ. ಅದು ಆರು ತಿಂಗಳೂ ಬದುಕಲಾರದವರಿಗೆ ಅರ್ಧ, ಆರೋಗ್ಯವಂತರಿಗೆ ನಾಲ್ಕು. ಹೆಂಡತಿಗೆ ಈ ಲೆಕ್ಕ ತೋರಿಸಿದೆ. ಅವಳು ಕಾಗದವನ್ನು ಮಡಿಸಿ ಅಕ್ಕಿಯ ಡಬ್ಬದ ಕೆಳಗೆ ಇಟ್ಟಳು. ಅದು ಅವಳು ವಿದ್ಯುತ್ ಬಿಲ್ ಇಡುವ ಜಾಗ.

ಅವಳನ್ನು ನಗಿಸಿದ್ದು 14ನೆಯ ಪುಟ. ಲೆನಾಲಿಡೊಮೈಡ್ ಗರ್ಭದ ಶಿಶುವಿಗೆ ಅಪಾಯಕಾರಿಯಾಗಬಹುದು, ಆದ್ದರಿಂದ ಔಷಧಿ ತೆಗೆದುಕೊಳ್ಳುವ ಪುರುಷರು ಕಡ್ಡಾಯವಾಗಿ ಗರ್ಭನಿರೋಧಕ ಬಳಸಬೇಕು ಎಂದು ಅಲ್ಲಿ ಒಂದೂವರೆ ಪುಟ ಉಪದೇಶವಿತ್ತು. 67ರ ನಾನು ಅದಕ್ಕೆ ಪ್ರತ್ಯೇಕ ಸಹಿ ಹಾಕಿದೆ. “ನಿಮ್ಮ ಮೇಲೆ ಎಷ್ಟು ಭರವಸೆ ಇಟ್ಟಿದ್ದಾರೆ” ಎಂದಳು.

ನಗು ಬಾರದ ಜಾಗ 9ನೆಯ ಪುಟದಲ್ಲಿತ್ತು. “ನಿಮ್ಮ ಕಾಯಿಲೆಯು ಪ್ರಗತಿ ಹೊಂದಿದಲ್ಲಿ ಅಧ್ಯಯನದ ಔಷಧಿಯು ನಿಲ್ಲಿಸಲ್ಪಡುವುದು.” ಮೂಲದಲ್ಲಿರುವುದು ‘ಪ್ರೋಗ್ರೆಶನ್’, ಕಾಯಿಲೆ ಮುಂದುವರಿದು ಕೆಡುವುದು. ಆದರೆ ಕನ್ನಡದಲ್ಲಿ ಪ್ರಗತಿ ಎಂದರೆ ಏನು? ಶಾಲೆಯ ಪ್ರಗತಿಪತ್ರ, ಪ್ರಗತಿಪರ ರೈತ, ಪಂಚವಾರ್ಷಿಕ ಯೋಜನೆ. ಪ್ರಗತಿ ಹೊಂದುವುದು ಒಳ್ಳೆಯದಾಗುವುದು. ಹೀಗಾಗಿ ಆ ಸಾಲನ್ನು ಓದಿದ ಯಾವ ಕನ್ನಡಿಗನಿಗಾದರೂ ಹೊಳೆಯುವ ಅರ್ಥ ಇದು: ನನಗೆ ಗುಣವಾಗತೊಡಗಿದರೆ ಇವರು ಔಷಧಿ ನಿಲ್ಲಿಸಿಬಿಡುತ್ತಾರೆ. ಚಾಮರಾಜನಗರದ ತಾಯಿ ಹಾಗೆಯೇ ಓದಿಕೊಂಡಿದ್ದರು. ಸ್ವಲ್ಪ ಹುಷಾರಾದ ಮೇಲೂ ಹುಷಾರಾಗಿದೆ ಎಂದು ಡಾಕ್ಟರ ಹತ್ತಿರ ಹೇಳಬಾರದು ಎಂದು ತೀರ್ಮಾನಿಸಿಯೂ ಆಗಿತ್ತು. ‘ಪ್ರಗತಿ-ಮುಕ್ತ ಬದುಕುಳಿಯುವಿಕೆ’ ಈ ಅಧ್ಯಯನದ ಮುಖ್ಯ ಅಳತೆ ಎಂದು ಇನ್ನೊಂದು ಕಡೆ ಇತ್ತು. ಕಾಯಿಲೆ ಉಲ್ಬಣಿಸದೆ ಎಷ್ಟು ದಿನ ಬದುಕುತ್ತೀರಿ ಎಂದು ಅವರು ಹೇಳಹೊರಟದ್ದು. ಪ್ರಗತಿಯಿಂದ ಮುಕ್ತಿ ಪಡೆದು ಹೇಗೋ ಬದುಕುಳಿಯುವುದು ಎಂದು ಅಚ್ಚಾಗಿತ್ತು.

ಓದಿ ನೋಡಲು ನಾಲ್ಕು ದಿನ ಕೊಟ್ಟಿದ್ದರು. ಮನೆಗೆ ತಂದು, ಜೆರಾಕ್ಸ್ ಮಾಡಿಸಿ, ಆ ಪ್ರತಿಯಲ್ಲಿ ಕೆಂಪು ಶಾಯಿಯಲ್ಲಿ 41 ಗುರುತು ಹಾಕಿದೆ. ತಮಾಷೆ ಎಂದರೆ, ತಿದ್ದುತ್ತಾ ತಿದ್ದುತ್ತಾ ನನಗೆ ವಿಷಯ ಅರ್ಥವಾಗಿಬಿಟ್ಟಿತು. ಸುಮ್ಮನೆ ಓದಿದ್ದರೆ ಆಗುತ್ತಿರಲಿಲ್ಲ. ಒಂದು ವಾಕ್ಯವನ್ನು ಸರಿಪಡಿಸಬೇಕಾದರೆ ಅದು ಏನು ಹೇಳಲು ಹೊರಟಿದೆ ಎಂದು ಮೊದಲು ಗೊತ್ತಿರಬೇಕಲ್ಲ. ಯಾವಾಗ ಬೇಕಾದರೂ ಹೊರಗೆ ಬರಬಹುದು, ಬಂದರೂ ಚಿಕಿತ್ಸೆಗೆ ತೊಂದರೆಯಿಲ್ಲ. ಎರಡೂ ಕಡೆಯವರಿಗೆ ಔಷಧಿ, ತಪಾಸಣೆ ಉಚಿತ. ಪರೀಕ್ಷೆಯಿಂದ ಹಾನಿಯಾದರೆ ಚಿಕಿತ್ಸೆಯ ಖರ್ಚು ಅವರದು. ಪರೀಕ್ಷೆಯ ಸಂಯೋಜಕಿಯನ್ನು, ಚುರುಕಾದ ಹುಡುಗಿ, ಫೋನಿನಲ್ಲಿ ಹನ್ನೆರಡು ಪ್ರಶ್ನೆ ಕೇಳಿದೆ. ಐದನೆಯ ದಿನ ಸಹಿ ಹಾಕಿದೆ.

ಎರಡು ವಾರದ ಅರ್ಹತಾ ಪರೀಕ್ಷೆಗಳು ಮುಗಿದ ಮೇಲೆ ಅವಳೇ ಫೋನ್ ಮಾಡಿದಳು. “ಸರ್, ನಿಮಗೆ ಬಿ ಬಂದಿದೆ.”

ಬಿ ಎಂದರೆ ಮೂರು ಔಷಧಿಗಳ ಗುಂಪು. ಹೊಸತಿಲ್ಲ. ಪರೀಕ್ಷೆಗೆ ಸೇರದೇ ಇದ್ದರೂ ನನಗೆ ಸಿಗುತ್ತಿದ್ದ ಅದೇ ಮದ್ದು. ಅರ್ಧಕ್ಕೆ ಅರ್ಧ ಸಾಧ್ಯತೆ ಎಂದು ತಲೆಗೆ ಗೊತ್ತಿತ್ತು, ಸಹಿ ಹಾಕುವಾಗ ಕ್ಯಾಮೆರಾ ಮುಂದೆ ಹೇಳಿಯೂ ಇದ್ದೆ. ಆದರೂ ಒಳಗೆ ಎಲ್ಲೋ ನನಗೆ ಎ ಬಂದೇ ಬರುತ್ತದೆ ಎಂದು ನಂಬಿದ್ದೆನೆಂದು ತಿಳಿದದ್ದು ಆ ಕ್ಷಣದಲ್ಲಿ. ಚಾಮರಾಜನಗರದವರಿಗೆ ಎ ಬಂದಿತ್ತು. ಒಂದು ವಾರ ಅವರ ಮೇಲೆ ಸುಮ್ಮಸುಮ್ಮನೆ ಸಿಟ್ಟಾಗಿದ್ದೆ. ಅಕ್ಕ ಮಾತ್ರ ಸಂತೋಷಪಟ್ಟಳು: “ಸದ್ಯ, ಹಳೇ ಔಷಧಿ ತಾನೇ.” ಇಷ್ಟಕ್ಕೆ ಪ್ರತಿ ವಾರ ಮೈಸೂರಿನಿಂದ ಬೆಂಗಳೂರಿಗೆ ಅಲೆಯಬೇಕೇ, ಇದೇ ಚುಚ್ಚುಮದ್ದನ್ನು ಇಲ್ಲೇ ತೆಗೆದುಕೊಳ್ಳಬಹುದಲ್ಲ ಎಂದು ಮಗ ಕೇಳಿದ. ನ್ಯಾಯವಾದ ಪ್ರಶ್ನೆ. ಬಿಟ್ಟುಬಿಡೋಣವೆಂದು ಎರಡು ಸಲ ಸಂಯೋಜಕಿಗೆ ಫೋನ್ ಮಾಡಲು ಹೊರಟು ಮೊಬೈಲ್ ಕೆಳಗಿಟ್ಟೆ. ಪರೋಪಕಾರದ ಬುದ್ಧಿಯಿಂದ ಇಟ್ಟೆ ಎಂದರೆ ಸುಳ್ಳಾಗುತ್ತದೆ. ಔಷಧಿ ಪುಕ್ಕಟೆ ಇತ್ತು, ಪರೀಕ್ಷೆಗಳು ಪುಕ್ಕಟೆ ಇದ್ದವು, ರಾತ್ರಿ ಹತ್ತಕ್ಕೆ ಜ್ವರ ಬಂದರೂ ಫೋನ್ ಎತ್ತುವ ಒಬ್ಬ ಹುಡುಗಿ ಇದ್ದಳು. ಈ ದೇಶದಲ್ಲಿ ರೋಗಿಗೆ ಅದಕ್ಕಿಂತ ದೊಡ್ಡ ಔಷಧಿ ಇನ್ನೇನಿದೆ.

ಹೀಗೆ ಶುರುವಾಯಿತು. 28 ದಿನಕ್ಕೊಂದು ಸುತ್ತು. ಮುಂಜಾನೆಯ ರೈಲು. ಚುಚ್ಚುಮದ್ದಿನ ದಿನ 40 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನುಂಗಬೇಕು, ನನಗೆ ಕೊಟ್ಟದ್ದು 4 ಮಿಲಿಗ್ರಾಮಿನವು, ಆದ್ದರಿಂದ ಹತ್ತು ಪುಟ್ಟ ಮಾತ್ರೆ. ಖಾಲಿ ಹೊಟ್ಟೆಯಲ್ಲಿ ಕೂಡದು. ಹಾಗಾಗಿ ಮಂಡ್ಯ ದಾಟಿದ ಮೇಲೆ ಮದ್ದೂರು ವಡೆ ಬರುವುದನ್ನು ಕಾದು, ಒಂದು ತಿಂದು, ಕಾಗದದ ಮೇಲೆ ಹತ್ತನ್ನೂ ಸಾಲಾಗಿ ಜೋಡಿಸಿ ಎಣಿಸಿ ನುಂಗುತ್ತಿದ್ದೆ. ಎದುರು ಸೀಟಿನವರು ಹೋಮಿಯೋಪತಿಯೇ ಎಂದು ಕೇಳುತ್ತಿದ್ದರು. ಔಷಧಿಯ ದಿನಚರಿ ಎಂದು ಒಂದು ಪುಸ್ತಕ ಕೊಟ್ಟಿದ್ದರು; ನುಂಗಿದ ಹೊತ್ತು, ಮರೆತದ್ದು, ವಾಂತಿಯಾದದ್ದು ಎಲ್ಲ ಬರೆಯಬೇಕು. ಖಾಲಿಯಾದ ಪಟ್ಟಿಗಳನ್ನು ವಾಪಸು ತರಬೇಕು, ಸಂಯೋಜಕಿ ಒಂದೊಂದು ಗುಳ್ಳೆಯನ್ನೂ ಬೆರಳಿನಿಂದ ಒತ್ತಿ ಎಣಿಸುತ್ತಾಳೆ. ಬೋರ್ಟೆಜೋಮಿಬ್ ಹೊಟ್ಟೆಯ ಚರ್ಮದ ಕೆಳಗೆ; ಚುಚ್ಚಿದ ಕಡೆ ಅಂಗೈಯಗಲ ಕೆಂಪು ಕಲೆ. ಸರ್ಪಸುತ್ತು ಬಾರದಿರಲು ಒಂದು ಮಾತ್ರೆ, ರಕ್ತ ಹೆಪ್ಪುಗಟ್ಟದಿರಲು ಒಂದು. ನಾಲ್ಕನೆಯ ಸುತ್ತಿನ ಹೊತ್ತಿಗೆ ಬೆರಳ ತುದಿಯಲ್ಲಿ ಇರುವೆ ಹರಿದಂತಾಗತೊಡಗಿತು. ಈ ಔಷಧಿ ನರಗಳನ್ನು ಕಾಡುತ್ತದೆ. ಅಂಗಿಯ ಗುಂಡಿ ಹಾಕಲು ಕಷ್ಟವಾಗುತ್ತದೆಯೇ ಎಂದು ಪ್ರಶ್ನಾವಳಿಯಲ್ಲಿತ್ತು. ಗುಂಡಿಯ ಚಿಂತೆ ಇರಲಿಲ್ಲ. ಕರಡಿನ ಅಂಚಿನಲ್ಲಿ ಸಣ್ಣಕ್ಷರ ಬರೆಯುವಾಗ ಪೆನ್ನು ಜಾರುತ್ತಿತ್ತು. ಪ್ರಶ್ನಾವಳಿಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದೆ.

ಸ್ಟೀರಾಯ್ಡ್ ನುಂಗಿದ ರಾತ್ರಿ ನಿದ್ದೆ ಎಂಬುದಿಲ್ಲ. ಮೈಯೆಲ್ಲ ಹುರುಪು, ಮೂರು ಗಂಟೆಗೆ ಎದ್ದು ಕಪಾಟು ಜೋಡಿಸುವಷ್ಟು. ಅಂತಹ ಒಂದು ರಾತ್ರಿ ನನ್ನ ಕಾಯಿಲೆಯ ಚರಿತ್ರೆಯನ್ನು ಓದುತ್ತಾ ಯುರೆಥೇನ್ ಎಂಬ ಹಳೆಯ ಮದ್ದಿನ ಕಥೆಗೆ ಬಂದು ನಿಂತೆ.

1947ರಲ್ಲಿ ಸ್ವೀಡನ್ನಿನ ನಿಲ್ಸ್ ಆಲ್ವಾಲ್ ಎಂಬ ವೈದ್ಯರು, ಮುಂದೆ ಡಯಾಲಿಸಿಸ್ ಯಂತ್ರದ ಕೆಲಸಕ್ಕೆ ಹೆಸರಾದವರು, ಮೈಲೋಮಾ ರೋಗಿಯೊಬ್ಬನಿಗೆ ಯುರೆಥೇನ್ ಕೊಟ್ಟು ಗುಣ ಕಂಡೆವೆಂದು ವರದಿ ಮಾಡಿದರು. ಬೇರೆ ಏನೂ ಇಲ್ಲದ ಕಾಲ. ಎಲ್ಲರೂ ಕೊಡತೊಡಗಿದರು. ಹೊಟ್ಟೆ ತೊಳಸಿ ವಾಂತಿ ಬರಿಸುವ ಮದ್ದು, ಆದರೂ ರೋಗಿಗಳು ನುಂಗಿದರು, ವೈದ್ಯರು ಬರೆದರು, ಹತ್ತಿರ ಹತ್ತಿರ 20 ವರ್ಷ. ಕೊನೆಗೆ ಅಮೆರಿಕದಲ್ಲಿ ಜೇಮ್ಸ್ ಹಾಲೆಂಡ್ ಮತ್ತು ಸಂಗಡಿಗರು ನೆಟ್ಟಗೆ ಹೋಲಿಸಿ ನೋಡಿದರು. 83 ರೋಗಿಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ ಒಂದು ಪಾಲಿಗೆ ಯುರೆಥೇನ್, ಇನ್ನೊಂದಕ್ಕೆ ಚೆರಿ ಮತ್ತು ಕೋಲಾ ರುಚಿಯ ಬರೀ ಶರಬತ್ತು. 1966ರಲ್ಲಿ ಫಲಿತಾಂಶ ಅಚ್ಚಾಯಿತು. ಯುರೆಥೇನ್‌ನಿಂದ ಏನೂ ಪ್ರಯೋಜನವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಶರಬತ್ತು ಕುಡಿದವರಿಗಿಂತ ಯುರೆಥೇನ್ ನುಂಗಿದವರೇ ಬೇಗ ತೀರಿಕೊಂಡಿದ್ದರು.

ಕೂತಲ್ಲೇ ಎದ್ದು ನಿಂತೆ. ಆ ಪರೀಕ್ಷೆಗೆ ಸೇರಿ ಚೀಟಿಯಲ್ಲಿ ಶರಬತ್ತು ಬಂದ ಒಬ್ಬ ಮುದುಕನನ್ನು ಕಲ್ಪಿಸಿಕೊಂಡೆ. ಬಾಟಲಿ ಬಾಯಿಗಿಟ್ಟಾಗ ರುಚಿಯಲ್ಲೇ ಅವನಿಗೆ ಸಂಶಯ ಬಂದಿರಬಹುದು. ಔಷಧಿಗೆ ಇಷ್ಟು ಒಳ್ಳೆಯ ರುಚಿ ಇರುವುದುಂಟೇ? ನನಗೆ ಸಿಗಬೇಕಾದ್ದು ಸಿಗಲಿಲ್ಲ ಎಂದು ಕೊರಗಿರಬಹುದು. ಅವನೂ ಅವನಂಥವರೂ ಆ ಪಾಲಿನಲ್ಲಿ ಇರದಿದ್ದರೆ ಇನ್ನೆಷ್ಟು ವರ್ಷ ಆ ವಾಂತಿಯ ಮದ್ದು ‘ರೂಢಿಯ ಚಿಕಿತ್ಸೆ’ಯಾಗಿ ಉಳಿಯುತ್ತಿತ್ತೋ. ಯಾವುದು ಒಳ್ಳೆಯದೆಂದು ಮೊದಲೇ ಗೊತ್ತಿದ್ದರೆ ಚೀಟಿ ಎತ್ತುವ ಹಕ್ಕು ಯಾರಿಗೂ ಇಲ್ಲ, ಗೊತ್ತಿಲ್ಲದಿರುವುದರಿಂದಲೇ ಎತ್ತುತ್ತಾರೆ. ಇದನ್ನು ವೈದ್ಯರು ನನಗೆ ಎರಡು ಸಲ ಹೇಳಿದ್ದರು. ಶರಬತ್ತಿನ ಬಾಟಲಿ ಕಾಣುವವರೆಗೆ ಅದು ತಲೆಗೆ ಹತ್ತಿರಲಿಲ್ಲ.

ಆಮೇಲೆ ನನ್ನ ಬಿ ಗುಂಪಿನ ವಂಶಾವಳಿಯನ್ನೇ ಹುಡುಕಿದೆ. ಲೆನಾಲಿಡೊಮೈಡ್‌ನ ತಾಯಿ ಥಾಲಿಡೊಮೈಡ್, 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, ಸಾವಿರಾರು ಮಕ್ಕಳು ಕೈಕಾಲು ಮೊಟಕಾಗಿ ಹುಟ್ಟಲು ಕಾರಣವಾಗಿ, 1961ರಲ್ಲಿ ಹಿಂತೆಗೆದುಕೊಂಡ ಅದೇ ಕುಖ್ಯಾತ ಮಾತ್ರೆ. 14ನೆಯ ಪುಟದ ಉಪದೇಶಕ್ಕೆ ಕಾರಣ ಅದು. ಅದನ್ನು ಮೈಲೋಮಾಕ್ಕೆ ಕೊಟ್ಟು ನೋಡಿದ ಅಮೆರಿಕದ ಅರ್ಕಾನ್ಸಾಸ್‌ನ ಪರೀಕ್ಷೆ 1999ರಲ್ಲಿ ಪ್ರಕಟವಾಯಿತು. 84 ರೋಗಿಗಳು, ಬೇರೆ ಚಿಕಿತ್ಸೆ ಸೋತವರೇ ಬಹುಪಾಲು, ಮೂರರಲ್ಲಿ ಒಬ್ಬರಿಗೆ ಗುಣ ಕಂಡಿತು. ನನ್ನ ಮೂರು ಔಷಧಿಗಳ ಜೋಡಣೆಯನ್ನು ಎರಡು ಔಷಧಿಗಳ ಜೊತೆ ಹೋಲಿಸಿದ ಅಮೆರಿಕದ ಪರೀಕ್ಷೆಯಲ್ಲಿ 525 ಜನರಿದ್ದರು. 2017ರಲ್ಲಿ ವರದಿ ಬಂತು: ಮೂರರವರಲ್ಲಿ ಅರ್ಧದಷ್ಟು ಜನ 75 ತಿಂಗಳು ದಾಟಿದರು, ಎರಡರವರಲ್ಲಿ 64. ಅಲ್ಲಿ ನನ್ನ ಬಿ ಇನ್ನೂ ಹೊಸ ಮದ್ದಾಗಿತ್ತು. ಹಳೆಯದು ಬಂದವರು ಬೇರೆ ಯಾರೋ. ಅವರ 64 ಇರದಿದ್ದರೆ ಈ 75ಕ್ಕೆ ಏನು ಅರ್ಥ? ನನ್ನ ಹೊಟ್ಟೆಗೆ ಚುಚ್ಚುವ ಸೂಜಿಯ ಹಿಂದೆ ಇಷ್ಟು ಜನ ಸಾಲಾಗಿ ನಿಂತಿದ್ದಾರೆಂದು ಗೊತ್ತಿರಲಿಲ್ಲ.

ರಕ್ತ ಕೊಡುವ ಸಾಲಿನಲ್ಲಿ ಪರಿಚಯವಾದ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದಾರೆ. ಅವರದು ಬೇರೆ ರಕ್ತ ಕ್ಯಾನ್ಸರ್, ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. 14 ವರ್ಷದಿಂದ ದಿನಕ್ಕೊಂದು ಇಮ್ಯಾಟಿನಿಬ್ ನುಂಗಿ, ಬಿಪಿ ಮಾತ್ರೆ ನುಂಗುವವರಂತೆ ನಿರಾಳವಾಗಿ ಓಡಾಡುತ್ತಾರೆ. ಆ ಔಷಧಿ ಮನುಷ್ಯನ ಮೈಗೆ ಮೊದಲು ಹೋದದ್ದು 1998ರ ಜೂನಿನಲ್ಲಿ. ಆಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ 1,106 ಜನ. ಅವರಲ್ಲಿ 553 ಮಂದಿಗೆ ಚೀಟಿಯಲ್ಲಿ ಬಂದದ್ದು ಹಳೆಯ ಇಂಟರ್‌ಫೆರಾನ್ ಚುಚ್ಚುಮದ್ದು, ದಿನವೂ ಜ್ವರ ಬಂದಂತೆ ಮೈ ನೋಯಿಸುವಂಥದ್ದು. ಹೊಸ ಮಾತ್ರೆಯ ಗುಣ ಎಷ್ಟು ಸ್ಪಷ್ಟವಾಯಿತೆಂದರೆ ಆ 553ರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಮೇಲೆ ಅದಕ್ಕೇ ದಾಟಿಕೊಂಡರು. ದಾಟುವ ಬಾಗಿಲನ್ನು ಮೊದಲೇ ಇಟ್ಟಿದ್ದರು. ನನ್ನ ಪತ್ರದಲ್ಲಿ ಅಂತಹ ಬಾಗಿಲು ಇರಲಿಲ್ಲ. ಕಾಯಿಲೆ ಮರುಕಳಿಸಿದರೆ ‘ವೈದ್ಯರು ಸೂಕ್ತ ಚಿಕಿತ್ಸೆ ನಿರ್ಧರಿಸುವರು’ ಎಂದಷ್ಟೇ ಇತ್ತು. ಯಾರಾದರೂ ಇಂತಹ ಪತ್ರ ಹಿಡಿದು ಕೂತಿದ್ದರೆ ಆ ಒಂದು ಸಾಲನ್ನು ಹುಡುಕಿ, ಹಳೆಯ ಔಷಧಿ ಬಂದರೆ ಮುಂದೇನು ಎಂದು ಕೇಳಿ ಎಂದು ಹೇಳುತ್ತೇನೆ. ನಾನು ಕೇಳಿದ ಹನ್ನೆರಡು ಪ್ರಶ್ನೆಗಳಲ್ಲಿ ಅದಿರಲಿಲ್ಲ. ಕಾಗುಣಿತ ನೋಡುತ್ತಿದ್ದೆ.

ಕಾಗುಣಿತಕ್ಕೂ ಗತಿ ಕಾಣಿಸಿದೆ ಅನ್ನಿ. ಎರಡನೆಯ ಸುತ್ತಿನಲ್ಲಿ ನನ್ನ ಕೆಂಪು ಗುರುತಿನ ಜೆರಾಕ್ಸ್ ಪ್ರತಿಯನ್ನು ಸಂಯೋಜಕಿಗೆ ಕೊಟ್ಟೆ. ಅವಳು ಅದನ್ನು ಪರೀಕ್ಷೆ ನಡೆಸುವ ಕಂಪನಿಗೆ ಕಳಿಸಿದಳು. ಅನುವಾದ ಸರಿಯಾಗಿದೆ, ಪ್ರಮಾಣಪತ್ರವಿದೆ ಎಂದು ಅಲ್ಲಿಂದ ಉತ್ತರ ಬಂತು. ಪದ್ಧತಿ ಹೀಗಂತೆ: ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಾರೆ, ಮೂಲ ನೋಡದ ಇನ್ನೊಬ್ಬರು ಆ ಕನ್ನಡವನ್ನು ಮರಳಿ ಇಂಗ್ಲಿಷಿಗೆ ಒಯ್ಯುತ್ತಾರೆ, ಎರಡು ಇಂಗ್ಲಿಷುಗಳೂ ತಾಳೆಯಾದರೆ ಪಾಸು. ನನಗೆ ಆಗ ಗುಟ್ಟು ತಿಳಿಯಿತು. ತೋಳು ಎಂದು ಬರೆದರೆ ಮರಳಿ ‘ಆರ್ಮ್’ ಆಗುತ್ತದೆ, ನೂರಕ್ಕೆ ನೂರು. ಗುಂಪು ಎಂದು ಬರೆದರೆ ‘ಗ್ರೂಪ್’ ಆಗುತ್ತದೆ, ತಪ್ಪು. ಉಲ್ಬಣಿಸಿದರೆ ಎಂದು ಬರೆದವನು ಸಿಕ್ಕಿಬೀಳುತ್ತಾನೆ, ಪ್ರಗತಿ ಎಂದು ಬರೆದವನು ಗೆಲ್ಲುತ್ತಾನೆ. ಎಷ್ಟು ಕೆಟ್ಟ ಕನ್ನಡವೋ ಅಷ್ಟು ಒಳ್ಳೆಯ ಅಂಕ.

ಕೊನೆಗೆ ಆಸ್ಪತ್ರೆಯ ನೈತಿಕ ಸಮಿತಿಗೆ ಒಂದು ಪತ್ರ ಬರೆದೆ. ಇಂತಹ ಸಮಿತಿಯಲ್ಲಿ ವೈದ್ಯರ ಜೊತೆಗೆ ಒಬ್ಬ ಕಾನೂನು ತಿಳಿದವರು, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕೆಂದು ನಿಯಮ. ಅಧ್ಯಕ್ಷರೂ ಹೊರಗಿನವರೇ ಆಗಿರಬೇಕು. ಪ್ರಗತಿಯ ಸಾಲನ್ನೂ, ಅದರಿಂದ ಒಬ್ಬರು ಗುಣವಾದದ್ದನ್ನು ಮುಚ್ಚಿಡಲು ಹೊರಟಿದ್ದನ್ನೂ, ಹೆಸರು ಹೇಳದೆ, ಅರ್ಧ ಪುಟದಲ್ಲಿ ವಿವರಿಸಿದೆ. ಒಂದೇ ಒಂದು ಕರ್ಮಣಿ ಪ್ರಯೋಗ ಬಳಸಲಿಲ್ಲ. ಐದು ತಿಂಗಳಾದ ಮೇಲೆ ಹೊಸ ಆವೃತ್ತಿ ಬಂತು. ನನ್ನ 41 ತಿದ್ದುಪಡಿಗಳಲ್ಲಿ 17 ಒಪ್ಪಿತವಾಗಿದ್ದವು. ‘ಕಾಯಿಲೆ ಉಲ್ಬಣಿಸಿದರೆ’ ಬಂದಿತ್ತು. ತೋಳು ಹೋಗಿ ಗುಂಪು ಬಂದಿತ್ತು. ‘ಪ್ರಗತಿ-ಮುಕ್ತ ಬದುಕುಳಿಯುವಿಕೆ’ ಹಾಗೇ ಇತ್ತು, ಅದು ಶೀರ್ಷಿಕೆಯ ಭಾಗವಂತೆ, ಮುಟ್ಟುವಂತಿಲ್ಲವಂತೆ.

ಪತ್ರ ಬದಲಾದರೆ ಒಳಗಿರುವವರೆಲ್ಲ ಮತ್ತೆ ಓದಿ ಮತ್ತೆ ಸಹಿ ಹಾಕಬೇಕು. 2023ರ ಆಗಸ್ಟಿನಲ್ಲಿ ನಾನು, ಚಾಮರಾಜನಗರದವರು, ಅವರ ಮಗ ಅದೇ ಕುರ್ಚಿಗಳಲ್ಲಿ ಕೂತೆವು. ಆ ಹೊತ್ತಿಗೆ ನನ್ನ ನಕ್ಷೆಯ ಗೋಪುರ ನೆಲಸಮವಾಗಿತ್ತು, ಅವರದೂ ಆಗಿತ್ತು. ಯಾವುದು ಹೆಚ್ಚು ಕಾಲ ಹಾಗೇ ಇರುತ್ತದೆ ಎಂಬುದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಪರೀಕ್ಷೆ ನಡೆಯುತ್ತಿತ್ತು. ಅವರು ಕನ್ನಡಕ ಹಾಕಿಕೊಂಡು (ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು) ಬೆರಳಿಟ್ಟು ಓದಿದರು. ಮೂರನೆಯ ಪುಟದಲ್ಲಿ ನಿಂತರು. ಹಿಂದಕ್ಕೆ ತಿರುಗಿಸಿದರು, ಮುಂದಕ್ಕೆ ತಿರುಗಿಸಿದರು. ನಾನು ಒಳಗೊಳಗೇ ಶಹಭಾಸ್‌ಗಿರಿಗಾಗಿ ಕಾಯುತ್ತಿದ್ದೆ.

“ಇದೇನು ಸ್ವಾಮಿ, ಯಾವುದೋ ಗುಂಪು ಎಂದು ಬರೆದಿದ್ದಾರೆ? ನನ್ನನ್ನು ಬೇರೆ ಕಡೆಗೆ ಹಾಕಿಬಿಟ್ಟರೋ ಏನೋ. ನಾನು ಯಾವತ್ತೂ ಎ ತೋಳಿನವಳಲ್ಲವೇ?”

ಸಂಯೋಜಕಿ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವರು ಪುಟ ತಿರುಗಿಸುತ್ತಲೇ ಹೋಗಿ, 19ನೆಯ ಪುಟದ ಕೆಳಗೆ, ನನ್ನ ಕಣ್ಣಿಗೂ ತಪ್ಪಿಸಿಕೊಂಡಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಹಾಂ, ಇಲ್ಲಿದೆ ನೋಡಿ ತೋಳು” ಎಂದು ಸಮಾಧಾನದಿಂದ ಸಹಿ ಹಾಕಿದರು.